ಆಟಗಾರ್ತಿಯ ಖಾತೆಯಲ್ಲಿ ಯಾವ ಚಿತ್ರ, ಏಕೆ?

ಕಾಸರಗೋಡಿನ ಕನ್ನಡ ಊರುಗಳಲ್ಲಿ ಒಬ್ಬಳು ಹುಡುಗಿ ಉಪಜಿಲ್ಲಾ ಮಟ್ಟದಲ್ಲಿ ಗೆದ್ದು, ಜಿಲ್ಲೆಯನ್ನೂ ದಾಟಿ ರಾಜ್ಯ ಶಾಲಾ ಕ್ರೀಡಾಕೂಟಕ್ಕೆ ಆಯ್ಕೆಯಾದರೆ, ಊರಿನ ಆರ್ಟ್ಸ್ ಆಂಡ್ ಸ್ಪೋರ್ಟ್ಸ್ ಕ್ಲಬ್ಬಿನವರು ಬಸ್ ತಂಗುದಾಣದ ಬಳಿ ಅವಳ ಫ್ಲೆಕ್ಸ್ ಕಟ್ಟುವುದು ವಾಡಿಕೆ. ಆ ಫ್ಲೆಕ್ಸಿನಲ್ಲಿ ಯಾವ ಚಿತ್ರವಿರಬೇಕೆಂದು ಅವಳನ್ನು ಯಾರೂ ಕೇಳುವುದಿಲ್ಲ. ಶಾಲೆಯ ಅರ್ಜಿಗೆ ಅಂಟಿಸಿದ್ದ ಪಾಸ್‌ಪೋರ್ಟ್ ಅಳತೆಯ ಭಾವಚಿತ್ರವೋ, ಬಹುಮಾನ ವಿತರಣೆಯಲ್ಲಿ ಗಣ್ಯರ ನಡುವೆ ನಿಂತ ಚಿತ್ರದಿಂದ ಕತ್ತರಿಸಿ ತೆಗೆದ ಮುಖವೋ ಸಾಕಾಗುತ್ತದೆ. ಅವಳು ಓಡುತ್ತಾಳೋ, ಎಸೆಯುತ್ತಾಳೋ, ಕಬಡ್ಡಿಯಲ್ಲಿ ಎದುರಾಳಿಯ ಕಾಲು ಹಿಡಿಯುತ್ತಾಳೋ ಎಂಬುದನ್ನು ಚಿತ್ರ ಹೇಳುವುದಿಲ್ಲ, ಕೆಳಗಿನ ಸಾಲು ಹೇಳುತ್ತದೆ. ಅವಳು ಇನ್‌ಸ್ಟಾಗ್ರಾಂ ಖಾತೆ ತೆರೆದಾಗ ಚಿತ್ರವನ್ನು ಆಯುವ ಅಧಿಕಾರ ಮೊದಲ ಬಾರಿಗೆ ಅವಳ ಕೈಗೆ ಬರುತ್ತದೆ.

ಆ ಅಧಿಕಾರವನ್ನು ಅವಳು ಬಳಸುವ ಬಗೆಯ ಕುರಿತು ಊರಿನಲ್ಲಿ ಅಭಿಪ್ರಾಯಗಳಿಗೆ ಕೊರತೆಯಿಲ್ಲ. ಕಬಡ್ಡಿಯಲ್ಲಿ ರೈಡ್ ಮಾಡುವ ವಿಡಿಯೊ ಹಾಕಿದರೆ ಬಟ್ಟೆಯ ಬಗ್ಗೆ ಮಾತು ಬರುತ್ತದೆ. ಸೀರೆಯುಟ್ಟ ಚಿತ್ರ ಹಾಕಿದರೆ ಆಟದ ಮೇಲೆ ಗಮನ ಕಡಿಮೆಯಾಯಿತು ಎಂಬ ಮಾತು ಬರುತ್ತದೆ. ಏನೂ ಹಾಕದಿದ್ದರೆ ಅವಳು ಆಡುತ್ತಾಳೆಂಬುದೇ ಪಕ್ಕದ ಪಂಚಾಯತಿಗೆ ತಿಳಿಯುವುದಿಲ್ಲ. ಈ ಮಾತುಗಳ ತಳದಲ್ಲಿರುವುದು ಒಂದೇ ನಂಬಿಕೆ: ಖಾತೆಯಲ್ಲಿ ಕಾಣುವುದೆಲ್ಲ ಆ ಹುಡುಗಿಯ ಸ್ವಭಾವ ಎಂಬುದು. ಈ ನಂಬಿಕೆ ಸರಿಯಲ್ಲ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುವುದು ನನ್ನ ಉದ್ದೇಶ. ಒಬ್ಬ ಆಟಗಾರ್ತಿಯ ಪುಟದಲ್ಲಿರುವ ಪ್ರತಿಯೊಂದು ಚಿತ್ರದ ಹಿಂದೆಯೂ ಅವಳ ಇಷ್ಟದ ಜತೆಗೆ ಮಾಧ್ಯಮಗಳ ಮೌನ, ಹಣದ ಅಗತ್ಯ, ಕ್ಯಾಮೆರಾದ ಮಿತಿ, ಮನೆಯವರ ಆತಂಕ ಮತ್ತು ಅಪರಿಚಿತರ ಬಾಯಿ ಇವೆಲ್ಲವೂ ಇವೆ. ಹೊರಗಿನಿಂದ ಪ್ರದರ್ಶನಪ್ರಿಯತೆಯಂತೆ ತೋರುವುದು ಬಹುಮಟ್ಟಿಗೆ ದುಡಿಮೆ. ಅದೂ ಬೇರೆಯವರು ಮಾಡಬೇಕಾಗಿದ್ದು ಮಾಡದೆ ಬಿಟ್ಟ ದುಡಿಮೆ.

ಒಂದು ಚಿತ್ರ, ಹಲವು ನೋಡುಗರು

ಮನುಷ್ಯರು ತಮ್ಮನ್ನು ಇತರರ ಮುಂದೆ ಹೇಗೆ ತೋರಿಸಿಕೊಳ್ಳುತ್ತಾರೆ ಎಂಬುದರ ಬಗ್ಗೆ ಇಂದಿಗೂ ಹೆಚ್ಚು ಬಳಕೆಯಲ್ಲಿರುವ ವಿವರಣೆಯನ್ನು 1950ರ ದಶಕದಲ್ಲಿ ಕೊಟ್ಟವರು ಸಮಾಜಶಾಸ್ತ್ರಜ್ಞ ಎರ್ವಿಂಗ್ ಗಾಫ್‌ಮನ್. ದೈನಂದಿನ ಬದುಕಿನಲ್ಲಿ ನಮಗೆಲ್ಲರಿಗೂ ಒಂದು ಮುಂರಂಗವೂ ಒಂದು ಹಿಂರಂಗವೂ ಇರುತ್ತದೆ, ಮುಂರಂಗದಲ್ಲಿ ನೋಡುಗರಿಗೆ ತಕ್ಕಂತೆ ನಡೆದುಕೊಳ್ಳುತ್ತೇವೆ, ಹಿಂರಂಗದಲ್ಲಿ ಅದಕ್ಕೆ ಸಿದ್ಧರಾಗುತ್ತೇವೆ, ದಣಿವಾರಿಸಿಕೊಳ್ಳುತ್ತೇವೆ ಎಂಬುದು ಅವರ ವಾದ. ಕುಂಬಳೆಯ ಪಾರ್ತಿಸುಬ್ಬನ ನಾಡಿನವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ: ಯಕ್ಷಗಾನದಲ್ಲಿ ಕುಣಿಯುವ ರಂಗಸ್ಥಳ ಬೇರೆ, ಬಣ್ಣ ಹಚ್ಚಿಕೊಳ್ಳುವ ಚೌಕಿ ಬೇರೆ. ಕ್ರೀಡೆಯಲ್ಲಿ ಪಂದ್ಯವೇ ರಂಗಸ್ಥಳ. ಬೆಳಗಿನ ಓಟ, ವ್ಯಾಯಾಮ, ಗಾಯಕ್ಕೆ ಕಟ್ಟಿದ ಪಟ್ಟಿ, ಸೋತ ರಾತ್ರಿಯ ಅಳು ಇವೆಲ್ಲ ಚೌಕಿ. ಸಾಮಾಜಿಕ ಜಾಲತಾಣ ಮಾಡಿದ ದೊಡ್ಡ ಬದಲಾವಣೆಯೆಂದರೆ ಚೌಕಿಯನ್ನೂ ನೋಡಬೇಕೆಂಬ ಬಯಕೆಯನ್ನು ನೋಡುಗರಲ್ಲಿ ಹುಟ್ಟಿಸಿ, ಅದನ್ನು ಪೂರೈಸುವ ಹೊಣೆಯನ್ನು ಆಟಗಾರರ ಮೇಲೆ ಹೊರಿಸಿದ್ದು. ಇಂದು ತರಬೇತಿಯ ವಿಡಿಯೊ ಇಲ್ಲದ ಖಾತೆ ಅಪೂರ್ಣವೆನಿಸುತ್ತದೆ. ಆದರೆ ಕ್ಯಾಮೆರಾ ಒಳಗೆ ಬಂದ ಮೇಲೆ ಅದು ಚೌಕಿಯಾಗಿ ಉಳಿಯುವುದಿಲ್ಲ. ಅಲ್ಲಿಯೂ ಕೂದಲು ಸರಿಮಾಡಿಕೊಳ್ಳಬೇಕು, ಅಲ್ಲಿಯೂ ನಗಬೇಕು. ನಿಜವಾದ ವಿಶ್ರಾಂತಿಯ ಜಾಗ ಇನ್ನಷ್ಟು ಹಿಂದಕ್ಕೆ, ಇನ್ನಷ್ಟು ಇಕ್ಕಟ್ಟಿಗೆ ಸರಿಯುತ್ತದೆ.

ಗಾಫ್‌ಮನ್ನರ ಕಾಲದಲ್ಲಿ ಇಲ್ಲದಿದ್ದ ಇನ್ನೊಂದು ತೊಡಕನ್ನು ಆಲಿಸ್ ಮಾರ್ವಿಕ್ ಮತ್ತು ಡೇನಾ ಬಾಯ್ಡ್ ಎಂಬ ಸಂಶೋಧಕಿಯರು 2011ರಲ್ಲಿ ಟ್ವಿಟರ್ ಬಳಕೆದಾರರನ್ನು ಅಧ್ಯಯನ ಮಾಡುವಾಗ ವಿವರಿಸಿದರು. ಬದುಕಿನಲ್ಲಿ ನಾವು ಬೇರೆ ಬೇರೆಯಾಗಿ ಎದುರಿಸುವ ನೋಡುಗರೆಲ್ಲರೂ ಜಾಲತಾಣದಲ್ಲಿ ಒಂದೇ ಜಾಗಕ್ಕೆ ಬಂದು ಕೂರುತ್ತಾರೆ ಎಂಬುದು ಅವರ ಮಾತಿನ ಸಾರ. ಬದಿಯಡ್ಕ ಕಡೆಯ ಒಬ್ಬ ಕಬಡ್ಡಿ ಆಟಗಾರ್ತಿಯನ್ನು ಕಲ್ಪಿಸಿಕೊಳ್ಳಿ. ಅವಳ ಒಂದು ಚಿತ್ರವನ್ನು ತಂಡದ ಗೆಳತಿಯರು ನೋಡುತ್ತಾರೆ, ಪಿ.ಟಿ. ಮಾಷ್ಟ್ರು ನೋಡುತ್ತಾರೆ, ಜಿಲ್ಲಾ ತಂಡದ ಆಯ್ಕೆಗಾರರು ನೋಡಬಹುದು, ಅಮ್ಮ ನೋಡುತ್ತಾರೆ, ಗಲ್ಫಿನಲ್ಲಿರುವ ಮಾವ ನೋಡುತ್ತಾರೆ, ಜೆರ್ಸಿಗೆ ಹಣ ಕೊಟ್ಟ ಅಂಗಡಿಯವರು ನೋಡುತ್ತಾರೆ, ಮುಂದೊಂದು ದಿನ ಮದುವೆಯ ಮಾತುಕತೆಗೆ ಬರುವವರೂ ಹಿಂದಕ್ಕೆ ಹಿಂದಕ್ಕೆ ಸರಿಸಿ ನೋಡುತ್ತಾರೆ. ಇವರೆಲ್ಲರಿಗೂ ಒಪ್ಪಿಗೆಯಾಗುವ ಚಿತ್ರ ಯಾವುದು? ಇವರಲ್ಲಿ ಯಾರನ್ನೂ ಕೆಣಕದ ಚಿತ್ರ ಸಾಮಾನ್ಯವಾಗಿ ಪದಕ ಹಿಡಿದು ನಿಂತು ನಗುವ ಚಿತ್ರವೇ ಆಗಿರುತ್ತದೆ.

ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಭಾಷೆಯ ಪ್ರಶ್ನೆಯೂ ಸೇರಿಕೊಳ್ಳುತ್ತದೆ. ಮನೆಯಲ್ಲಿ ತುಳು, ಹವ್ಯಕ, ಬ್ಯಾರಿ ಅಥವಾ ಕೊಂಕಣಿ, ಶಾಲೆಯಲ್ಲಿ ಕನ್ನಡ, ಶಿಬಿರದಲ್ಲಿ ಮಲಯಾಳ ಮಾತನಾಡುವ ಹುಡುಗಿ ಚಿತ್ರದ ಕೆಳಗೆ ಯಾವ ಭಾಷೆಯಲ್ಲಿ ಬರೆಯಬೇಕು? ಮಲಯಾಳದಲ್ಲಿ ಬರೆದರೆ ಕಣ್ಣೂರು, ಕೋಝಿಕ್ಕೋಡಿನ ಆಟಗಾರ್ತಿಯರಿಗೂ ರಾಜ್ಯದ ಕ್ರೀಡಾವಲಯಕ್ಕೂ ಅವಳು ತಮ್ಮವಳೆನಿಸುತ್ತಾಳೆ. ಕನ್ನಡದಲ್ಲಿ ಬರೆದರೆ ಅವಳನ್ನು ಬೆಳೆಸಿದ ಶಾಲೆಯೂ ಊರೂ ಅದನ್ನು ತಮ್ಮದೆಂದು ಹಂಚುತ್ತವೆ, ಮಂಗಳೂರಿನ ಪಂದ್ಯಾಟದ ಸಂಘಟಕರಿಗೂ ತಲುಪುತ್ತದೆ. ಎರಡು ಪದ ಇಂಗ್ಲಿಷ್ ಮತ್ತು ಒಂದು ಹೃದಯದ ಚಿಹ್ನೆ ಹಾಕಿ ಮುಗಿಸುವ ಹುಡುಗಿಯರನ್ನು ಭಾಷಾಭಿಮಾನವಿಲ್ಲದವರೆಂದು ಹಳಿಯುವುದು ಸುಲಭ. ಆದರೆ ಯಾವ ಕಡೆಯವರನ್ನೂ ಕಳೆದುಕೊಳ್ಳದಿರಲು ಗಡಿನಾಡಿನ ಮಕ್ಕಳು ಕಂಡುಕೊಂಡ ದಾರಿ ಅದು ಎಂದು ನನಗನ್ನಿಸುತ್ತದೆ. ಸಾರ್ವಜನಿಕ ಖಾತೆ ಒಂದು, ಆಪ್ತರಿಗೆ ಮಾತ್ರ ಕಾಣುವ ಖಾತೆ ಇನ್ನೊಂದು ಎಂದು ಇಟ್ಟುಕೊಳ್ಳುವುದು, ವಾಟ್ಸಾಪ್ ಸ್ಟೇಟಸ್ಸನ್ನು ಕೆಲವರಿಂದ ಮರೆಮಾಡುವುದು, ಇವು ಕೂಡ ಅದೇ ಜಾಣ್ಮೆಯ ಭಾಗಗಳು. ಇದರಲ್ಲಿ ಕಪಟವಿಲ್ಲ. ಅಜ್ಜಿಯ ಮುಂದೆ ಒಂದು ಬಗೆ, ಗೆಳತಿಯ ಮುಂದೆ ಒಂದು ಬಗೆ ಮಾತನಾಡುವುದನ್ನು ನಾವು ಯಾರೂ ಕಪಟವೆಂದು ಕರೆಯುವುದಿಲ್ಲ.

ಮಾಧ್ಯಮ ಬಿಟ್ಟ ಜಾಗ, ಮಾರುಕಟ್ಟೆ ಕೇಳುವ ಮುಖ

ಗಂಡಸರ ಆಟವನ್ನು ಜನರಿಗೆ ತಲುಪಿಸುವ ಕೆಲಸವನ್ನು ಪತ್ರಿಕೆಗಳೂ ದೂರದರ್ಶನವೂ ತಾವಾಗಿಯೇ ಮಾಡುತ್ತವೆ. ಹೆಂಗಸರ ಆಟಕ್ಕೆ ಆ ಭಾಗ್ಯವಿಲ್ಲ. ಅಮೆರಿಕದಲ್ಲಿ ಮೈಕೆಲ್ ಮೆಸ್ನರ್, ಶೆರಿಲ್ ಕುಕಿ ಮೊದಲಾದ ಸಂಶೋಧಕರು 1989ರಿಂದ 2019ರವರೆಗೆ, ಮೂವತ್ತು ವರ್ಷಗಳ ಕಾಲ, ದೂರದರ್ಶನದ ಕ್ರೀಡಾ ಸುದ್ದಿಯನ್ನು ಅಳೆಯುತ್ತ ಬಂದರು. ಆರಂಭದಲ್ಲಿ ಮಹಿಳಾ ಕ್ರೀಡೆಗೆ ಸಿಗುತ್ತಿದ್ದ ಪಾಲು ಸುಮಾರು ಶೇಕಡಾ 5; ಮೂವತ್ತು ವರ್ಷಗಳ ಬಳಿಕವೂ ಅದು ಶೇಕಡಾ 5ರ ಆಸುಪಾಸಿನಲ್ಲೇ ಇತ್ತು. ಈ ಅವಧಿಯಲ್ಲಿ ಆಡುವ ಹೆಣ್ಣುಮಕ್ಕಳ ಸಂಖ್ಯೆ ಬಹಳ ಹೆಚ್ಚಿತ್ತು ಎಂಬುದನ್ನು ನೆನಪಿಟ್ಟುಕೊಂಡರೆ ಈ ಅಂಕಿಯ ತೂಕ ತಿಳಿಯುತ್ತದೆ.

ನಮಗೆ ಹತ್ತಿರದ ಉದಾಹರಣೆ ಕಬಡ್ಡಿ. ಗಂಡಸರ ಪ್ರೊ ಕಬಡ್ಡಿ ಲೀಗ್ 2014ರಲ್ಲಿ ಆರಂಭವಾಗಿ ಹಳ್ಳಿಯ ಹುಡುಗರನ್ನು ಮನೆಮಾತಾಗಿಸಿತು. ಕಾರ್ಕಳದ ಕಡೆಯ ಮಮತಾ ಪೂಜಾರಿ ಅಷ್ಟರಲ್ಲಾಗಲೇ 2010ರ ಏಷ್ಯನ್ ಕ್ರೀಡಾಕೂಟದ ಚಿನ್ನವನ್ನೂ 2012ರ ವಿಶ್ವಕಪ್ಪನ್ನೂ ಗೆದ್ದ ತಂಡದಲ್ಲಿದ್ದರು, 2014ರಲ್ಲಿ ಮತ್ತೊಂದು ಏಷ್ಯನ್ ಚಿನ್ನ ಗೆದ್ದರು. ಮಹಿಳೆಯರಿಗಾಗಿ ಪ್ರೊ ಕಬಡ್ಡಿಯ ಜತೆಗೆ ಮೂರು ತಂಡಗಳ ಸ್ಪರ್ಧೆಯೊಂದು 2016ರಲ್ಲಿ ನಡೆಯಿತು. ಆ ಸ್ಪರ್ಧೆ ಮುಂದುವರಿಯಲಿಲ್ಲ. ನಿತ್ಯ ಪ್ರಸಾರವಿಲ್ಲದ ಆಟದ ಆಟಗಾರ್ತಿ ತನ್ನ ಪಂದ್ಯದ ವರದಿಗಾರ್ತಿಯೂ ಛಾಯಾಗ್ರಾಹಕಿಯೂ ಪ್ರಚಾರಕಿಯೂ ತಾನೇ ಆಗಬೇಕಾಗುತ್ತದೆ. ಕ್ರಿಕೆಟ್ಟಿನ ಸ್ಥಿತಿ ಈಚೆಗೆ ಬದಲಾಗಿದೆ. 2023ರಲ್ಲಿ ಮಹಿಳಾ ಪ್ರೀಮಿಯರ್ ಲೀಗ್ ಆರಂಭವಾಯಿತು, ಅದೇ ವರ್ಷ ವಯನಾಡಿನ ಮಿನ್ನು ಮಣಿ ಭಾರತ ತಂಡಕ್ಕೆ ಆಡಿದ ಕೇರಳದ ಮೊದಲ ಮಹಿಳೆಯಾದರು, 2025ರ ನವೆಂಬರ್ 2ರಂದು ಭಾರತ ಏಕದಿನ ವಿಶ್ವಕಪ್ ಗೆದ್ದಿತು. ಪ್ರಸಾರ ದೊರೆತ ಕಡೆ ಆಟಗಾರ್ತಿಯ ಖಾತೆಗೆ ಅವಳ ಆಟವೇ ಜನರನ್ನು ಕರೆತರುತ್ತದೆ. ದೊರೆಯದ ಕಡೆ, ಆಟದತ್ತ ಜನರನ್ನು ಸೆಳೆಯಲು ಅವಳು ಖಾತೆಯನ್ನು ಬಳಸಬೇಕು. ಕಬಡ್ಡಿ, ವಾಲಿಬಾಲ್, ಹಗ್ಗಜಗ್ಗಾಟದ ನಮ್ಮ ಹುಡುಗಿಯರು ಇಂದಿಗೂ ಇರುವುದು ಎರಡನೆಯ ಸ್ಥಿತಿಯಲ್ಲಿ.

ಹಣದ ವಿಷಯದಲ್ಲಿ ಒಂದು ಲೆಕ್ಕ ಎಲ್ಲವನ್ನೂ ಸ್ಪಷ್ಟಪಡಿಸುತ್ತದೆ. ಫೋರ್ಬ್ಸ್ ಪತ್ರಿಕೆ 2018ರಲ್ಲಿ ಪ್ರಕಟಿಸಿದ ಅತಿ ಹೆಚ್ಚು ಸಂಪಾದಿಸುವ ಕ್ರೀಡಾಪಟು ಮಹಿಳೆಯರ ಪಟ್ಟಿಯಲ್ಲಿ ಪಿ.ವಿ. ಸಿಂಧು ಏಳನೆಯವರಾಗಿದ್ದರು. ಅವರ 85 ಲಕ್ಷ ಡಾಲರ್ ಆದಾಯದಲ್ಲಿ ಆಟದ ಬಹುಮಾನದಿಂದ ಬಂದದ್ದು 5 ಲಕ್ಷ ಡಾಲರ್. ಉಳಿದ 80 ಲಕ್ಷ ಜಾಹೀರಾತುಗಳಿಂದ ಬಂದದ್ದು. ವಿಶ್ವಮಟ್ಟದ ಆಟಗಾರ್ತಿಗೂ ಆಟಕ್ಕಿಂತ ಮುಖ ಮತ್ತು ಹೆಸರು ಹೆಚ್ಚು ದುಡಿದು ಕೊಡುತ್ತವೆ. 2021ರಲ್ಲಿ ಸಿಂಧು ಟೋಕಿಯೊದಲ್ಲಿ ಕಂಚು ಗೆದ್ದಾಗ ಅಭಿನಂದನೆಯ ನೆಪದಲ್ಲಿ ಅವರ ಚಿತ್ರ ಬಳಸಿಕೊಂಡ ಹಲವು ಕಂಪೆನಿಗಳಿಗೆ ಅವರ ವ್ಯವಹಾರ ನೋಡಿಕೊಳ್ಳುವ ಸಂಸ್ಥೆ ಕಾನೂನು ಕ್ರಮದ ಎಚ್ಚರಿಕೆ ಕೊಟ್ಟದ್ದು ಈ ಕಾರಣಕ್ಕೆ: ಆ ಚಿತ್ರ ಅವರ ಆಸ್ತಿ. ಊರಿನ ಮಟ್ಟದಲ್ಲಿ ಮೊತ್ತ ಚಿಕ್ಕದಾದರೂ ಲೆಕ್ಕ ಅದೇ. ಸ್ಪೈಕ್ಸ್ ಬೂಟು, ಮೊಣಕಾಲಿನ ಪಟ್ಟಿ, ಮೊಟ್ಟೆ ಹಾಲಿನ ಖರ್ಚು, ತಿರುವನಂತಪುರದವರೆಗಿನ ರೈಲು ಪ್ರಯಾಣ, ಇವುಗಳಿಗೆ ಯಾರಾದರೂ ನೆರವಾಗಬೇಕಾದರೆ ಅವರಿಗೆ ಮೊದಲು ಅವಳು ಕಾಣಿಸಬೇಕು.

ಅಲ್ಲಿಯೇ ನಿಜವಾದ ಅನ್ಯಾಯವೂ ಶುರುವಾಗುತ್ತದೆ. ಕಂಪೆನಿ ಅಥವಾ ಅಂಗಡಿ ಕೇಳುವುದು ಹಿಂಬಾಲಕರ ಸಂಖ್ಯೆಯನ್ನು. ಆ ಸಂಖ್ಯೆ ಏರುವುದು ಇನ್‌ಸ್ಟಾಗ್ರಾಂ ಯಾರಿಗೆ ಏನನ್ನು ತೋರಿಸುತ್ತದೆ ಎಂಬುದರ ಮೇಲೆ. ಜನರು ಎಷ್ಟು ಹೊತ್ತು ನೋಡಿದರು, ಲೈಕ್ ಮಾಡಿದರೇ, ಬೇರೆಯವರಿಗೆ ಕಳುಹಿಸಿದರೇ ಎಂಬುದೇ ಮುಖ್ಯವೆಂದು ಇನ್‌ಸ್ಟಾಗ್ರಾಂನವರೇ ಹೇಳುತ್ತಾರೆ. ಶಾಟ್‌ಪುಟ್ ಎಸೆಯುವಾಗ ಹಿಮ್ಮಡಿ ತಿರುಗುವ ಕೋನ ಬಲ್ಲವರಿಗಷ್ಟೇ ರುಚಿಸುತ್ತದೆ. ಹಬ್ಬದ ಉಡುಪಿನ ಹತ್ತು ಸೆಕೆಂಡಿನ ರೀಲ್ ಎಲ್ಲರಿಗೂ ಅರ್ಥವಾಗುತ್ತದೆ. ಹೀಗಾಗಿ ಯಾರೂ ಬಾಯಿಬಿಟ್ಟು ಹೇಳದಿದ್ದರೂ ಆಟಗಾರ್ತಿ ಕೆಲವೇ ವಾರಗಳಲ್ಲಿ ಯಾವುದು ಓಡುತ್ತದೆ, ಯಾವುದು ಓಡುವುದಿಲ್ಲ ಎಂಬ ಪಾಠ ಕಲಿಯುತ್ತಾಳೆ. ಅಮೆರಿಕದಲ್ಲಿ 2021ರ ಜುಲೈಯಲ್ಲಿ ಕಾಲೇಜು ಕ್ರೀಡಾಪಟುಗಳಿಗೆ ತಮ್ಮ ಹೆಸರು ಮತ್ತು ಚಿತ್ರದಿಂದ ಹಣ ಗಳಿಸುವ ಅವಕಾಶ ಸಿಕ್ಕಿದಾಗ ಜಿಮ್ನಾಸ್ಟ್ ಒಲಿವಿಯಾ ಡನ್ ಅತಿ ಹೆಚ್ಚು ಗಳಿಸಿದವರ ಸಾಲಿಗೆ ಸೇರಿದರು. ಅವರ ದುಡಿಮೆಯನ್ನು ನಾನು ಕಡಿಮೆಯೆಂದು ಹೇಳುವುದಿಲ್ಲ. ಆದರೆ ಮಾರುಕಟ್ಟೆಗೆ ಒಪ್ಪುವ ಮೈಬಣ್ಣ, ಮೈಕಟ್ಟು ಇಲ್ಲದ, ಅಷ್ಟೇ ಅಥವಾ ಇನ್ನೂ ಹೆಚ್ಚು ಪದಕ ಗೆದ್ದವರಿಗೆ ಆ ದಾರಿ ಅಷ್ಟೇ ಅಗಲವಾಗಿ ತೆರೆಯುವುದಿಲ್ಲ.

ಹಣ ಪಡೆದು ಹಾಕುವ ಪೋಸ್ಟಿಗೆ ನಮ್ಮ ದೇಶದಲ್ಲಿ ನಿಯಮವಿದೆ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಭಾರತೀಯ ಜಾಹೀರಾತು ಮಾನದಂಡ ಮಂಡಳಿಯ 2021ರ ಮಾರ್ಗಸೂಚಿ ಮತ್ತು ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ 2023ರ ಜನವರಿಯಲ್ಲಿ ಹೊರಡಿಸಿದ ಸೂಚನೆಗಳ ಪ್ರಕಾರ ಹಣ, ಉಡುಗೊರೆ ಅಥವಾ ಉಚಿತ ಸಾಮಗ್ರಿ ಪಡೆದಿದ್ದರೆ ಅದು ಜಾಹೀರಾತೆಂದು ನೋಡುಗರಿಗೆ ಸ್ಪಷ್ಟವಾಗಿ ತಿಳಿಸಬೇಕು. ಉಚಿತವಾಗಿ ಒಂದು ಜತೆ ಬೂಟು ಪಡೆದವರಿಗೂ ಇದು ಅನ್ವಯಿಸುತ್ತದೆ.

ಚಿತ್ರದೊಳಗಿನ ದೇಹ

ಗಾಫ್‌ಮನ್ 1970ರ ದಶಕದಲ್ಲಿ ಜಾಹೀರಾತು ಚಿತ್ರಗಳನ್ನು ರಾಶಿ ಹಾಕಿಕೊಂಡು ನೋಡಿದಾಗ ಹೆಣ್ಣನ್ನು ತೋರಿಸುವ ಕೆಲವು ರೂಢಿಗಳು ಕಣ್ಣಿಗೆ ಬಿದ್ದವು. ಗಂಡು ವಸ್ತುವನ್ನು ಹಿಡಿದುಕೊಂಡರೆ ಹೆಣ್ಣು ಅದನ್ನು ಬೆರಳ ತುದಿಯಿಂದ ಸವರುತ್ತಾಳೆ. ಗಂಡು ನೆಟ್ಟಗೆ ನಿಂತರೆ ಹೆಣ್ಣು ಒಂದು ಮೊಣಕಾಲನ್ನು ಬಾಗಿಸಿ, ತಲೆ ವಾಲಿಸಿ ನಿಲ್ಲುತ್ತಾಳೆ. ಅವಳ ದೃಷ್ಟಿ ಎಲ್ಲೋ ದೂರದಲ್ಲಿರುತ್ತದೆ. ಆಟದ ನಡುವಿನ ಚಿತ್ರ ಇವೆಲ್ಲಕ್ಕೂ ತದ್ವಿರುದ್ಧ. ಕಬಡ್ಡಿಯ ಡಿಫೆಂಡರ್ ಎದುರಾಳಿಯ ಕಾಲನ್ನು ಸವರುವುದಿಲ್ಲ, ಬಿಗಿದು ಹಿಡಿಯುತ್ತಾಳೆ. ಅವಳ ಕಣ್ಣು ರೈಡರ್‌ನ ಸೊಂಟದ ಮೇಲೆ ನೆಟ್ಟಿರುತ್ತದೆ, ಬಾಯಿ ತೆರೆದಿರುತ್ತದೆ, ಕುತ್ತಿಗೆಯ ನರ ಉಬ್ಬಿರುತ್ತದೆ. ತನ್ನ ಮುಖ ಹೇಗೆ ಕಾಣುತ್ತಿದೆ ಎಂಬ ಪರಿವೆಯೇ ಇಲ್ಲದ ಗಳಿಗೆ ಅದು. ಹೆಣ್ಣಿನ ಚಿತ್ರಗಳಲ್ಲಿ ಅಂಥ ಗಳಿಗೆ ಬಹಳ ಅಪರೂಪ. ಅದಕ್ಕಾಗಿಯೇ ಆ ಚಿತ್ರ ಅಷ್ಟು ಅಮೂಲ್ಯ, ಅದಕ್ಕಾಗಿಯೇ ಅನೇಕ ಹುಡುಗಿಯರು ಅದನ್ನು ಹಾಕಲು ಹಿಂಜರಿಯುವುದು.

ಆಟಗಾರ್ತಿಯರಿಗೆ ಯಾವ ಚಿತ್ರ ಬೇಕು ಎಂಬುದನ್ನು ಅವರನ್ನೇ ಕೇಳಿದ ಸಂಶೋಧನೆಯೊಂದಿದೆ. ಮಿನ್ನೆಸೋಟ ವಿಶ್ವವಿದ್ಯಾಲಯದ ಮೇರಿ ಜೋ ಕೇನ್, ನಿಕೋಲ್ ಲಾವಾಯ್ ಮತ್ತು ಅವರ ಜತೆಗಾತಿ ಜಾನೆಟ್ ಫಿಂಕ್ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆಟದ ಸಾಮರ್ಥ್ಯ ತೋರುವ ಚಿತ್ರದಿಂದ ಹಿಡಿದು ದೇಹಪ್ರದರ್ಶನದ ಚಿತ್ರದವರೆಗೆ ಹಲವು ಬಗೆಗಳನ್ನು ಮುಂದಿಟ್ಟು, ನಿಮ್ಮ ಕ್ರೀಡೆಯನ್ನು ಯಾವುದು ಚೆನ್ನಾಗಿ ಪ್ರತಿನಿಧಿಸುತ್ತದೆ ಎಂದು ಕೇಳಿದಾಗ ಆಟಗಾರ್ತಿಯರು ಸಾಮರ್ಥ್ಯದ ಚಿತ್ರವನ್ನೇ ಮುಖ್ಯವಾಗಿ ಆರಿಸಿದರು. ಗಂಡಸರ ಆಸಕ್ತಿ ಸೆಳೆಯಲು ಯಾವುದು ಬೇಕು ಎಂಬ ಪ್ರಶ್ನೆಗೆ ಮಾತ್ರ ಹಲವರ ಉತ್ತರ ದೇಹಪ್ರದರ್ಶನದ ಕಡೆ ಹೊರಳಿತು. ತಮಗೆ ಬೇಕಾದುದು ಒಂದು, ಲೋಕಕ್ಕೆ ಬೇಕಾದುದು ಇನ್ನೊಂದು ಎಂಬ ಅರಿವು ಅವರಲ್ಲಿ ಸ್ಪಷ್ಟವಾಗಿಯೇ ಇದೆ.

ಹಾಗಾದರೆ ತಮಗೆ ಬೇಕಾದ ಚಿತ್ರವನ್ನೇ ಹಾಕಬಾರದೇಕೆ? ಇದಕ್ಕೆ ಸಂಶೋಧನೆಗಳು ಅಷ್ಟಾಗಿ ಗಮನಿಸದ, ನಮ್ಮ ಊರುಗಳಲ್ಲಿ ಕಣ್ಣಿಗೆ ರಾಚುವ ಒಂದು ಉತ್ತರವಿದೆ: ಅಂಥ ಚಿತ್ರ ಅವರ ಬಳಿ ಇರುವುದೇ ಇಲ್ಲ. ಓಡುವ, ಹಾರುವ ದೇಹವನ್ನು ಮಸುಕಾಗದಂತೆ ಹಿಡಿಯಬೇಕಾದರೆ ಕ್ಯಾಮೆರಾದ ಕವಾಟ ಸೆಕೆಂಡಿನ ಐನೂರನೆಯ ಅಥವಾ ಸಾವಿರದ ಒಂದು ಭಾಗದಷ್ಟು ಹೊತ್ತು ಮಾತ್ರ ತೆರೆದಿರಬೇಕು. ಅಷ್ಟು ಕಡಿಮೆ ಹೊತ್ತಿನಲ್ಲಿ ಚಿತ್ರ ಮೂಡಲು ಸಾಕಷ್ಟು ಬೆಳಕು ಬೇಕು, ಬೆಳಕನ್ನು ಧಾರಾಳವಾಗಿ ಒಳಬಿಡುವ ದೂರದ ಲೆನ್ಸ್ ಬೇಕು. ಹೊನಲು ಬೆಳಕಿನ ಪಂದ್ಯಾಟದಲ್ಲಿ ಸಾಧಾರಣ ಮೊಬೈಲು ಕವಾಟವನ್ನು ಹೆಚ್ಚು ಹೊತ್ತು ತೆರೆದಿಟ್ಟು ಬೆಳಕಿನ ಕೊರತೆ ತುಂಬಿಸಿಕೊಳ್ಳುತ್ತದೆ. ಆಗ ರೈಡರ್ ಇರಬೇಕಾದ ಜಾಗದಲ್ಲಿ ಒಂದು ಬಣ್ಣದ ಗೆರೆ ಮಾತ್ರ ಉಳಿಯುತ್ತದೆ. ದೊಡ್ಡ ಕ್ಯಾಮೆರಾ ಹಿಡಿದ ಛಾಯಾಗ್ರಾಹಕರು ಬರುವುದು ಗಂಡಸರ ಅಂತಿಮ ಪಂದ್ಯಕ್ಕೆ. ಹುಡುಗಿಯರ ಪಂದ್ಯ ಸಂಜೆ ಬೇಗ, ಉದ್ಘಾಟನೆಗೂ ಮೊದಲು, ಮುಗಿದುಹೋಗಿರುತ್ತದೆ. ಉಳಿಯುವುದು ಪಂದ್ಯ ಮುಗಿದ ಮೇಲೆ ಗೆಳತಿಯೊಬ್ಬಳು ಮೊಬೈಲಿನಲ್ಲಿ ತೆಗೆದ, ಸಾಲಾಗಿ ನಿಂತ ಚಿತ್ರ. ಖಾತೆಯ ತುಂಬ ಅಂಥವೇ ಇರುವುದನ್ನು ಕಂಡು ಹುಡುಗಿಯರಿಗೆ ಪೋಸು ಕೊಡುವುದೇ ಇಷ್ಟ ಎಂದು ತೀರ್ಮಾನಿಸುವವರು ಅಂಕಣದ ಬದಿಯಲ್ಲಿ ಕ್ಯಾಮೆರಾ ಇತ್ತೇ ಎಂದು ಕೇಳುವುದಿಲ್ಲ.

ಇನ್ನು ಸ್ನಾಯುಗಳ ಮಾತು. ಆಟದಿಂದ ಭುಜ ಅಗಲವಾದ ಹುಡುಗಿಗೆ ‘ಗಂಡಿನ ಹಾಗಿದ್ದಾಳೆ’ ಎಂಬ ಮಾತು ತಪ್ಪುವುದಿಲ್ಲ. ಈ ಆಪಾದನೆಯನ್ನು ಮುಂಚಿತವಾಗಿ ತಳ್ಳಿಹಾಕಲು ಆಟಗಾರ್ತಿಯರು ಅಂಗಣದ ಹೊರಗೆ ಹೆಣ್ತನದ ಗುರುತುಗಳನ್ನು ಒತ್ತಿ ತೋರಿಸುತ್ತಾರೆ ಎಂಬುದನ್ನು ಜಾನ್ ಫೆಲ್ಶಿನ್ ಎಂಬ ವಿದುಷಿ 1974ರಷ್ಟು ಹಿಂದೆಯೇ ಗುರುತಿಸಿ, ಅದೊಂದು ಬಗೆಯ ಕ್ಷಮಾಯಾಚನೆ ಎಂದು ವಿವರಿಸಿದ್ದರು. ಬಲಶಾಲಿಯಾಗಿದ್ದಕ್ಕೆ ಕ್ಷಮೆ ಕೇಳುವಂತೆ ಎಂದರ್ಥ. ಈ ವಿವರಣೆಯಲ್ಲಿ ಸತ್ಯವಿದೆ. ಆದರೆ ಅದನ್ನು ಪ್ರತಿಯೊಂದು ಸೀರೆಯ ಚಿತ್ರಕ್ಕೂ ಅನ್ವಯಿಸುವುದು ನನಗೆ ಒಪ್ಪಿಗೆಯಿಲ್ಲ. ಓಣಂ ದಿನ ಕಸವು ಸೀರೆಯುಟ್ಟ, ಬಿಸುವಿನ ದಿನ ಕಣಿಯ ಮುಂದೆ ಕುಳಿತ, ಅಕ್ಕನ ಮದುವೆಯಲ್ಲಿ ಮಲ್ಲಿಗೆ ಮುಡಿದ ಚಿತ್ರಗಳು ಹಲವು ಸಲ ಬರಿಯ ಸಂತೋಷದ ಚಿತ್ರಗಳು. ಆಟಗಾರ್ತಿಗೆ ಅಷ್ಟು ಸಂತೋಷದ ಹಕ್ಕಿದೆ.

ಕ್ಷಮೆ ಕೇಳದೆ ಉತ್ತರ ಕೊಟ್ಟವರೂ ಇದ್ದಾರೆ. 2017ರಲ್ಲಿ ಮಿಥಾಲಿ ರಾಜ್ ಅವರ ಚಿತ್ರವೊಂದರಲ್ಲಿ ಬಟ್ಟೆಯ ಮೇಲೆ ಬೆವರಿನ ಗುರುತು ಕಾಣುತ್ತಿದೆಯೆಂದು ಒಬ್ಬರು ಅಣಕಿಸಿದಾಗ, ಅಂಗಣದಲ್ಲಿ ಬೆವರು ಸುರಿಸಿದ್ದರಿಂದಲೇ ತಾನು ಈ ಸ್ಥಾನದಲ್ಲಿದ್ದೇನೆ ಎಂಬರ್ಥದಲ್ಲಿ ಅವರು ಉತ್ತರಿಸಿದರು. ಅಮೆರಿಕದ ರಗ್ಬಿ ಆಟಗಾರ್ತಿ ಇಲೋನಾ ಮಾಹರ್ 2024ರಲ್ಲಿ ತನ್ನ ತೂಕದ ಬಗ್ಗೆ ಬಂದ ಕುಹಕಕ್ಕೆ ವಿಡಿಯೊ ಮಾಡಿ, ಎತ್ತರಕ್ಕೆ ತಕ್ಕ ತೂಕ ಅಳೆಯುವ ಸೂಚ್ಯಂಕ ಸ್ನಾಯು ಯಾವುದು ಕೊಬ್ಬು ಯಾವುದು ಎಂದು ಗುರುತಿಸಲಾರದು ಎಂಬುದನ್ನು ತನ್ನದೇ ದೇಹದ ಲೆಕ್ಕ ಕೊಟ್ಟು ವಿವರಿಸಿದರು. ಅದೇ ವರ್ಷ ಪ್ಯಾರಿಸ್‌ನಲ್ಲಿ ಅವರ ತಂಡ ಕಂಚು ಗೆದ್ದಿತು. ಗಟ್ಟಿಮುಟ್ಟಾದ ಭುಜಗಳ ಜತೆ ತುಟಿಗೆ ಕೆಂಪು ಬಣ್ಣ ಹಚ್ಚಿಕೊಂಡೇ ಅಂಗಣಕ್ಕೆ ಇಳಿಯುವ ಅವರನ್ನು ನೋಡಿದರೆ ಬಲ ಮತ್ತು ಅಲಂಕಾರ ಒಂದಕ್ಕೊಂದು ವಿರುದ್ಧ ಎಂಬ ಭಾವನೆಗೆ ಆಧಾರವಿಲ್ಲವೆಂದು ತಿಳಿಯುತ್ತದೆ.

ಉಡುಪಿನ ವಿಷಯದಲ್ಲಿ ಲೋಕ ಎರಡೂ ದಿಕ್ಕಿನಿಂದ ಎಳೆಯುತ್ತದೆ. 2005ರಲ್ಲಿ ಸಾನಿಯಾ ಮಿರ್ಜಾ ಟೆನಿಸ್ ಅಂಗಣದಲ್ಲಿ ತೊಟ್ಟ ಲಂಗ ಗಿಡ್ಡವೆಂದು ಆಕ್ಷೇಪ ಬಂದಿತ್ತು. 2021ರಲ್ಲಿ ನಾರ್ವೆಯ ಮಹಿಳಾ ಬೀಚ್ ಹ್ಯಾಂಡ್‌ಬಾಲ್ ತಂಡ ಬಿಕಿನಿಯ ಬದಲು ಚಡ್ಡಿ ತೊಟ್ಟು ಆಡಿದ್ದಕ್ಕೆ 1,500 ಯೂರೊ ದಂಡ ಬಿತ್ತು. ಸುದ್ದಿ ಜಾಲತಾಣಗಳಲ್ಲಿ ಹರಡಿ ಪ್ರತಿಭಟನೆ ಎದ್ದ ಮೇಲೆ ಅದೇ ವರ್ಷ ಅಂತಾರಾಷ್ಟ್ರೀಯ ಒಕ್ಕೂಟ ನಿಯಮ ಬದಲಿಸಿತು. ತಲೆವಸ್ತ್ರ ತೊಟ್ಟು ಆಡಲು ಫುಟ್‌ಬಾಲ್‌ನಲ್ಲಿ 2014ರಲ್ಲಿ, ಬಾಸ್ಕೆಟ್‌ಬಾಲ್‌ನಲ್ಲಿ 2017ರಲ್ಲಿ ಅನುಮತಿ ಸಿಕ್ಕಿತು. ನಮ್ಮ ಜಿಲ್ಲೆಯಲ್ಲಿ ಚಡ್ಡಿಯ ಒಳಗೆ ಲೆಗ್ಗಿಂಗ್ಸ್, ಪೂರ್ಣ ತೋಳಿನ ಬನಿಯನ್, ತಲೆವಸ್ತ್ರ ತೊಟ್ಟು ಆಡುವ ಹುಡುಗಿಯ ಚಿತ್ರಕ್ಕೆ ಒಬ್ಬರು ‘ಇಷ್ಟೆಲ್ಲ ಯಾಕೆ’ ಎನ್ನುತ್ತಾರೆ, ಅದೇ ಚಿತ್ರಕ್ಕೆ ಇನ್ನೊಬ್ಬರು ‘ಇಷ್ಟು ಸಾಲದು’ ಎನ್ನುತ್ತಾರೆ. ಅವಳು ಎಷ್ಟು ಅಂಕ ಗಳಿಸಿದಳೆಂದು ಕೇಳುವವರು ಎರಡೂ ಗುಂಪಿನಲ್ಲಿ ಕಡಿಮೆ.

ಕಮೆಂಟುಗಳ ಭಾರ

ಟೋಕಿಯೊ ಒಲಿಂಪಿಕ್ಸ್ ಸಂದರ್ಭದಲ್ಲಿ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ 161 ಕ್ರೀಡಾಪಟುಗಳ ಟ್ವಿಟರ್ ಖಾತೆಗಳಿಗೆ ಬಂದ ಸಂದೇಶಗಳನ್ನು ಪರಿಶೀಲಿಸಿತು. ಗುರಿಯಿಟ್ಟು ಬರೆದ ನಿಂದನೆಯೆಂದು ಖಚಿತವಾದ 132 ಪೋಸ್ಟುಗಳಲ್ಲಿ 115 ಮಹಿಳೆಯರ ಮೇಲಿನವು. ಅಂದರೆ ಶೇಕಡಾ 87. ಇದರಲ್ಲಿ ಲೈಂಗಿಕ ಸ್ವರೂಪದ ಮತ್ತು ಹೆಣ್ಣೆಂಬ ಕಾರಣಕ್ಕೆ ಬರೆದ ನಿಂದನೆಗಳೂ ಜನಾಂಗೀಯ ನಿಂದನೆಗಳೂ ದೊಡ್ಡ ಪಾಲು ಪಡೆದಿದ್ದವು. ಪ್ಯಾರಿಸ್ ಒಲಿಂಪಿಕ್ಸ್‌ನ ವೇಳೆಗೆ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ ಕ್ರೀಡಾಪಟುಗಳ ಖಾತೆಗಳನ್ನು ನಿಂದನೆಯಿಂದ ಕಾಯಲು ಕೃತಕ ಬುದ್ಧಿಮತ್ತೆಯ ವ್ಯವಸ್ಥೆಯನ್ನೇ ನಿಲ್ಲಿಸಬೇಕಾಯಿತು. ಅದೇ ಕೂಟದಲ್ಲಿ ಪ್ರಸಾರ ಸಂಸ್ಥೆ ತನ್ನ ಕ್ಯಾಮೆರಾದವರಿಗೆ ಗಂಡಸರನ್ನು ಚಿತ್ರೀಕರಿಸುವಂತೆಯೇ ಹೆಂಗಸರನ್ನೂ ಚಿತ್ರೀಕರಿಸಬೇಕೆಂದು ಸೂಚನೆ ಕೊಟ್ಟಿತ್ತು. ಆ ಸೂಚನೆ ಬೇಕಾಯಿತೆಂಬುದೇ ಹಿಂದೆ ಏನು ನಡೆಯುತ್ತಿತ್ತು ಎಂಬುದನ್ನು ಹೇಳುತ್ತದೆ.

ಊರಿನಲ್ಲಿ ಇದು ಬೇರೆ ವೇಷದಲ್ಲಿ ಬರುತ್ತದೆ. ಪಂದ್ಯಾಟದ ನೇರಪ್ರಸಾರದಿಂದ ಹುಡುಗಿಯೊಬ್ಬಳು ಬೀಳುವ, ಬಟ್ಟೆ ಸರಿಯುವ ಎರಡು ಸೆಕೆಂಡನ್ನು ಕತ್ತರಿಸಿ ನಿಧಾನಗತಿಯಲ್ಲಿ ಹಾಕುವ ಪುಟಗಳಿವೆ. ಅವಳ ಚಿತ್ರ ಕದ್ದು ನಕಲಿ ಖಾತೆ ತೆರೆಯುವವರಿದ್ದಾರೆ. ನಮ್ಮಲ್ಲಿ ಹೆಚ್ಚಿನ ಮನೆಯವರು ಇದಕ್ಕೆ ಕೊಡುವ ಮೊದಲ ಉತ್ತರ ‘ಖಾತೆ ಮುಚ್ಚು’ ಎಂಬುದು. ಅಪರಾಧ ಮಾಡಿದವನ ಖಾತೆ ಉಳಿದು, ಆಡಿದವಳ ಖಾತೆ ಮುಚ್ಚುವುದು ನ್ಯಾಯವಲ್ಲ. ಕಮೆಂಟಿನಲ್ಲಿ ಬರಬಾರದ ಪದಗಳನ್ನು ಅಡಗಿಸುವ, ಯಾರು ಕಮೆಂಟ್ ಮಾಡಬಹುದೆಂದು ಮಿತಿ ಹಾಕುವ ಸೌಲಭ್ಯ ಇನ್‌ಸ್ಟಾಗ್ರಾಂನಲ್ಲೇ ಇದೆ. ಮಲಯಾಳ, ಕನ್ನಡ, ತುಳುವಿನ ಬೈಗುಳಗಳನ್ನು, ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ರೂಪಗಳ ಸಹಿತ, ಆ ಪಟ್ಟಿಗೆ ಕೈಯಾರೆ ಸೇರಿಸಬೇಕು. ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ಪೋರ್ಟಲಿನಲ್ಲಿ ಮಹಿಳೆಯರು ಮತ್ತು ಮಕ್ಕಳ ಕುರಿತ ಅಶ್ಲೀಲ ಸಾಮಗ್ರಿಯ ಬಗ್ಗೆ ಹೆಸರು ಹೇಳದೆಯೂ ದೂರು ಕೊಡಬಹುದು. ಅಳಿಸಿಹಾಕುವ ಮೊದಲು ಸ್ಕ್ರೀನ್‌ಶಾಟ್ ಮತ್ತು ಕೊಂಡಿಯನ್ನು ಉಳಿಸಿಕೊಳ್ಳುವುದು ಅಗತ್ಯ. ಹೆಣ್ಣನ್ನು ಅಂತರ್ಜಾಲದಲ್ಲಿ ಬೆನ್ನುಹತ್ತಿ ಕಾಡುವುದು ಭಾರತೀಯ ನ್ಯಾಯ ಸಂಹಿತೆಯ 78ನೆಯ ವಿಧಿಯ ಪ್ರಕಾರ ಅಪರಾಧ.

ಹದಿನೆಂಟು ತುಂಬದ ಹುಡುಗಿಯರ ವಿಷಯದಲ್ಲಿ ಒಂದು ಇಕ್ಕಟ್ಟಿದೆ. 2025ರಿಂದ ಭಾರತದಲ್ಲೂ ಜಾರಿಗೆ ಬಂದ ಇನ್‌ಸ್ಟಾಗ್ರಾಂನ ಹದಿಹರೆಯದವರ ಖಾತೆಯ ವ್ಯವಸ್ಥೆಯಲ್ಲಿ ಅವರ ಖಾತೆ ತಾನಾಗಿಯೇ ಖಾಸಗಿಯಾಗಿರುತ್ತದೆ, ಹದಿನಾರರ ಕೆಳಗಿನವರು ಅದನ್ನು ಸಡಿಲಿಸಬೇಕಾದರೆ ಹೆತ್ತವರ ಒಪ್ಪಿಗೆ ಬೇಕು. ಸುರಕ್ಷತೆಯ ದೃಷ್ಟಿಯಿಂದ ಇದು ಸರಿ. ಆದರೆ ಕ್ರೀಡಾ ಹಾಸ್ಟೆಲಿನ ತರಬೇತುದಾರರ ಕಣ್ಣಿಗೆ ಬೀಳಬೇಕಾದ ವಯಸ್ಸೂ ಅದೇ. ಇಂಥಲ್ಲಿ ಹುಡುಗಿಯ ಖಾಸಗಿ ಖಾತೆಯನ್ನು ಹಾಗೆಯೇ ಬಿಟ್ಟು, ಶಾಲೆ ಅಥವಾ ಕ್ಲಬ್ಬಿನ ಸಾರ್ವಜನಿಕ ಪುಟದಲ್ಲಿ ಅವಳ ಆಟದ ತುಣುಕುಗಳನ್ನು ಹಾಕುವುದು ಹೆಚ್ಚು ಒಳ್ಳೆಯ ದಾರಿ ಎಂದು ನನ್ನ ಅಭಿಪ್ರಾಯ; ಆಗಲೂ ಅವಳು ನಿತ್ಯ ಅಭ್ಯಾಸ ಮಾಡುವ ಜಾಗ ಮತ್ತು ಹೊತ್ತು ಹೊರಗಿನವರಿಗೆ ಗೊತ್ತಾಗಬಾರದು.

ಇಷ್ಟೆಲ್ಲ ಭಾರವಿದ್ದರೂ ಆಟಗಾರ್ತಿಯರು ಖಾತೆಯನ್ನು ಬಿಡದಿರಲು ಇನ್ನೊಂದು ಕಾರಣ ಅದು ಅವರ ದನಿ. ಟೆನಿಸ್ ಆಟಗಾರ್ತಿ ನವೊಮಿ ಒಸಾಕಾ 2021ರಲ್ಲಿ ಫ್ರೆಂಚ್ ಓಪನ್‌ನಿಂದ ಹಿಂದೆ ಸರಿದದ್ದನ್ನೂ ತಮ್ಮ ಮಾನಸಿಕ ಆರೋಗ್ಯದ ಸ್ಥಿತಿಯನ್ನೂ ಪತ್ರಕರ್ತರ ಮೂಲಕ ಹೇಳಲಿಲ್ಲ, ತಮ್ಮ ಖಾತೆಯಲ್ಲಿ ಬರೆದರು. ತೂಕದಲ್ಲಿ 100 ಗ್ರಾಂ ಹೆಚ್ಚಿದ್ದಕ್ಕೆ ಪ್ಯಾರಿಸ್ ಫೈನಲ್ ಕಳೆದುಕೊಂಡ ವಿನೇಶ್ ಫೋಗಟ್ 2024ರ ಆಗಸ್ಟ್ 8ರಂದು ಕುಸ್ತಿಗೆ ವಿದಾಯ ಹೇಳಿದ್ದು ಕೂಡ ಹಾಗೆಯೇ, ತಾಯಿಯನ್ನು ಉದ್ದೇಶಿಸಿ ಬರೆದ ಕೆಲವೇ ಸಾಲುಗಳಲ್ಲಿ. ಪತ್ರಿಕೆಗಳು ಆ ಸಾಲುಗಳನ್ನೇ ಎತ್ತಿ ಮುದ್ರಿಸಿದವು.

ಖಾತೆಯೇ ದಾಖಲೆ

ಕೊನೆಗೆ ಹೇಳಬೇಕಾದ ಸಂಗತಿ ಕ್ರೀಡೆಯ ಇತಿಹಾಸಕ್ಕೆ ಸೇರಿದ್ದು. ಇನ್‌ಸ್ಟಾಗ್ರಾಂನಲ್ಲಿ 2017ರಿಂದ ಹಳೆಯ ಪೋಸ್ಟುಗಳನ್ನು ಅಳಿಸದೆಯೇ ಎಲ್ಲರಿಂದ ಮರೆಮಾಡುವ ಸೌಲಭ್ಯವಿದೆ. ಮದುವೆಯ ಮಾತು ಶುರುವಾದಾಗ, ಅಥವಾ ಮದುವೆಯಾಗಿ ಬೇರೆ ಮನೆಗೆ ಹೋದ ಮೇಲೆ, ಪಂದ್ಯದ ಚಿತ್ರಗಳು ಒಂದೊಂದಾಗಿ ಹೀಗೆ ಮರೆಯಾಗುತ್ತವೆ; ಖಾತೆಯ ಹೆಸರಿನ ಜತೆಗಿದ್ದ ಜೆರ್ಸಿ ಸಂಖ್ಯೆಯೂ ಹೋಗುತ್ತದೆ. ಅದು ಅವಳ ಆಯ್ಕೆಯಾಗಿದ್ದರೆ ಪ್ರಶ್ನಿಸುವ ಅಧಿಕಾರ ಯಾರಿಗೂ ಇಲ್ಲ. ಆದರೆ ಗಡಿನಾಡಿನ ಹುಡುಗಿಯರ ಕಬಡ್ಡಿಯ, ಹಗ್ಗಜಗ್ಗಾಟದ, ವಾಲಿಬಾಲಿನ ಹೆಚ್ಚಿನ ಪಂದ್ಯಗಳಿಗೆ ಬೇರೆ ಚಿತ್ರದಾಖಲೆ ಇಲ್ಲ. ಕೇರಳದ ಪತ್ರಿಕೆಗೆ ಅದು ಜಿಲ್ಲೆಯ ತುದಿಯ ಸುದ್ದಿ, ಕರ್ನಾಟಕದ ಪತ್ರಿಕೆಗೆ ಗಡಿಯಾಚೆಯ ಸುದ್ದಿ. ಅಂಕಗಳ ಹಾಳೆ ಸಂಘಟಕರ ಕಡತ ಸೇರುತ್ತದೆ, ಫ್ಲೆಕ್ಸ್ ಮಳೆಗಾಲದಲ್ಲಿ ಸೌದೆ ಕೊಟ್ಟಿಗೆಯ ಮಾಡಿಗೆ ಹೊದಿಕೆಯಾಗುತ್ತದೆ. ಊರಿನ ಕ್ಲಬ್ಬುಗಳು ಪ್ರತಿ ಪಂದ್ಯಾಟದಲ್ಲಿ ಹುಡುಗಿಯರ ಪಂದ್ಯಕ್ಕೂ ಒಬ್ಬ ಛಾಯಾಗ್ರಾಹಕರನ್ನು ನಿಲ್ಲಿಸಿ, ತೆಗೆದ ಚಿತ್ರಗಳನ್ನು ಆಟಗಾರ್ತಿಯರ ಒಪ್ಪಿಗೆ ಪಡೆದು, ಹೆಸರು, ಶಾಲೆ, ದಿನಾಂಕ, ಅಂಕಗಳ ಸಹಿತ ಒಂದು ಹಾರ್ಡ್ ಡಿಸ್ಕಿನಲ್ಲಿ ಇಡಲು ತಗಲುವ ಖರ್ಚು ಒಂದು ಸಂಜೆಯ ಧ್ವನಿವರ್ಧಕದ ಬಾಡಿಗೆಗಿಂತ ಹೆಚ್ಚಾಗಲಾರದು. ಚಿತ್ರಗಳ ಒಂದು ಪ್ರತಿ ಆಟಗಾರ್ತಿಯ ಮೊಬೈಲಿಗೂ ಹೋಗಲಿ. ಅವುಗಳಲ್ಲಿ ಯಾವುದನ್ನು ಹಾಕಬೇಕೆಂದು ಅವಳು ತೀರ್ಮಾನಿಸುತ್ತಾಳೆ.